ಚೆಕಪ್‌ಗೆ ಪೆನಾಂಗ್ ಒಳ್ಳೆಯದಾ, ಬ್ಯಾಂಕಾಕಾ? ಕೈಗೆಟುಕುವ ಆಸ್ಪತ್ರೆ ಹೇಳಿ

ತುಂಗಾತೀರ:
ಸಿಂಗಪುರದಲ್ಲಿದ್ದೇವೆ, ಎಂಪ್ಲಾಯ್‌ಮೆಂಟ್ ಪಾಸ್, ಅಂದರೆ ಕೆಲಸದ ವೀಸಾ. ನನಗೆ 47, ಹೆಂಡತಿಗೆ 44. ನಮ್ಮ ತಂದೆಗೆ ಐವತ್ತು ತುಂಬುವ ಮೊದಲೇ ಶುಗರ್ ಬಂದಿತ್ತು, ಹಾಗಾಗಿ ಇಬ್ಬರೂ ಒಂದು ಸಲ ಪೂರ್ತಿ ಚೆಕಪ್ ಮಾಡಿಸೋಣ ಅಂತಿದ್ದೇವೆ. ಇಲ್ಲಿ ಸರ್ಕಾರದ ಸಬ್ಸಿಡಿ ಸಿಟಿಜನ್ ಮತ್ತು ಪಿಆರ್‌ಗಳಿಗೆ ಮಾತ್ರ. ಖಾಸಗಿ ಆಸ್ಪತ್ರೆ ರೇಟು ಕೇಳಿ ಎದೆ ಧಸಕ್ಕೆಂದಿತು. ಎಲ್ಲರೂ ಬ್ಯಾಂಕಾಕ್‌ನ ಬುಮ್ರುಂಗ್ರಾಡ್ ಹೆಸರು ಹೇಳುತ್ತಾರೆ. ಅಷ್ಟು ದೊಡ್ಡ ಕಡೆಗೇ ಹೋಗಬೇಕಾ? ಮಲೇಷ್ಯಾದ ಪೆನಾಂಗ್‌ನಲ್ಲಿ ಮಾಡಿಸಿದವರು ಯಾರಾದರೂ ಇದ್ದೀರಾ?

ಪೆನಾಂಗ್ ರಾಯರು:
ಕಣ್ಣುಮುಚ್ಚಿ ಪೆನಾಂಗ್‌ಗೆ ಬನ್ನಿ. ಜಾರ್ಜ್ ಟೌನ್ ಒಂದರಲ್ಲೇ ಐಲ್ಯಾಂಡ್ ಹಾಸ್ಪಿಟಲ್, ಗ್ಲೆನ್‌ಈಗಲ್ಸ್, ಅಡ್ವೆಂಟಿಸ್ಟ್, ಲೋ ಗುವಾನ್ ಲೈ, ಲಾಮ್ ವಾ ಈ ಎಲ್ಲವೂ ಇವೆ. ಪೈಪೋಟಿ ಜೋರು, ಅದಕ್ಕೇ ರೇಟು ಕಡಿಮೆ. ಇಂಡೋನೇಷ್ಯಾದ ಮೇಡಾನ್‌ನಿಂದ ಜನ ಮೊದಲಿಂದಲೂ ಇಲ್ಲಿಗೇ ಬರುತ್ತಾರೆ, ಸುಮ್ನೆ ಬರುತ್ತಾರಾ? ಲಾಮ್ ವಾ ಈ ಲಾಭಕ್ಕಾಗಿ ನಡೆಯುವ ಆಸ್ಪತ್ರೆಯೇ ಅಲ್ಲ. ಮಲೇಷ್ಯಾದಲ್ಲಿ ಖಾಸಗಿ ಡಾಕ್ಟರ್ ಫೀಸಿಗೆ ಕಾನೂನಿನ ಮಿತಿಯೂ ಇದೆ. 2023ರ ಡಿಸೆಂಬರ್‌ನಿಂದ ನಮ್ಮ ಪಾಸ್‌ಪೋರ್ಟ್‌ಗೆ ವೀಸಾ ತಲೆಬಿಸಿಯೂ ತಪ್ಪಿತು. ಜೆಸಿಐ ಬೋರ್ಡು ನೋಡಿ ಮರುಳಾಗಿ ಬ್ಯಾಂಕಾಕ್‌ಗೆ ದುಡ್ಡು ಸುರಿಯಬೇಡಿ.

ಸುಖುಮ್ವಿತ್ ಸುಮಾ:
"ಜೆಸಿಐ ಬೋರ್ಡು" ಅಂತ ಅಷ್ಟು ಹಗುರವಾಗಿ ಹೇಳಬೇಡಿ ರಾಯರೇ. ಔಷಧ ಬದಲಾಗದಂತೆ, ಸೋಂಕು ಹರಡದಂತೆ ಏನೇನು ಮಾಡುತ್ತಾರೆ ಅಂತ ಹೊರಗಿನವರು ಬಂದು ತಪಾಸಣೆ ಮಾಡಿ ಕೊಡುವ ಮಾನ್ಯತೆ ಅದು. ಆಗ್ನೇಯ ಏಷ್ಯಾದಲ್ಲಿ ಅದನ್ನು ಮೊದಲು ಪಡೆದದ್ದೇ ಬುಮ್ರುಂಗ್ರಾಡ್, 2002ರಲ್ಲಿ. ಅದು ದುಬಾರಿ ಅನಿಸಿದರೆ ವೇಜ್‌ಥಾನಿ ಇದೆ, ಪ್ರರಾಮ್ 9 ಇದೆ. ನಾನು ಬ್ಯಾಂಕಾಕ್‌ನಲ್ಲೇ ಇರೋದು, ನೋಡಿಯೇ ಹೇಳುತ್ತಿದ್ದೇನೆ. ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನ ಡಾಕ್ಟರ್ ಮುಂದೆ ಕೂತು ರಿಪೋರ್ಟ್ ಮಾತಾಡಬಹುದು. ಸ್ವಲ್ಪ ಜಾಸ್ತಿ ಕೊಟ್ಟರೆ ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಸುಳಿವು ನೋಡುವ ರಕ್ತಪರೀಕ್ಷೆ) ಎಲ್ಲಾ ಸೇರಿರುವ ಪ್ಯಾಕೇಜೇ ಸಿಗುತ್ತದೆ.

ಲ್ಯಾಬ್ ಕಿಟ್ಟಿ:
ಟ್ಯೂಮರ್ ಮಾರ್ಕರ್! ಇದೊಂದು ಮಾತಿಗಾಗಿಯೇ ಬರೆಯಬೇಕಾಯಿತು. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಏನೂ ತೊಂದರೆ ಇಲ್ಲದವರಿಗೆ ಸಿಇಎ (ಕರುಳಿಗೆ), ಸಿಎ 19-9 (ಮೇದೋಜೀರಕ ಗ್ರಂಥಿಗೆ), ಸಿಎ 125 (ಅಂಡಾಶಯಕ್ಕೆ) ಇಂಥ ಮಾರ್ಕರ್ ಮಾಡಿಸಿ ಅಂತ ಯಾವ ಮುಖ್ಯ ಮಾರ್ಗಸೂಚಿಯೂ ಹೇಳಲ್ಲ. ಸಿಇಎ ಹೆಚ್ಚಾಗಿ ಬೇಕಾಗೋದು ಕರುಳಿನ ಕ್ಯಾನ್ಸರ್‌ಗೆ ಚಿಕಿತ್ಸೆ ಆದಮೇಲೆ, ಅದು ಮರಳಿ ಬಂತಾ ಅಂತ ನೋಡೋಕೆ. ಪಿತ್ತಕೋಶದ ಕಲ್ಲಿದ್ದರೂ ಸಿಎ 19-9 ಏರಬಹುದು. ಹೆಂಗಸರಿಗೆ ಮುಟ್ಟಿನ ದಿನಗಳಲ್ಲೂ ಸಿಎ 125 ಏರಬಹುದು. ಪ್ಯಾಕೇಜ್ ಪಟ್ಟಿ ಉದ್ದ ಕಾಣಲಿ ಅಂತ ತುರುಕುತ್ತಾರೆ, ಅಷ್ಟೇ.

ಸುಖುಮ್ವಿತ್ ಸುಮಾ:
"ತುರುಕುತ್ತಾರೆ" ಅಂತೀರಲ್ಲ, ನನ್ನ ಚಿಕ್ಕಪ್ಪನಿಗೆ ಗೊತ್ತಾದದ್ದೇ ಸಿಇಎ ಜಾಸ್ತಿ ಬಂದು. ಕರುಳಿನ ಕ್ಯಾನ್ಸರ್. ಆಪರೇಷನ್ ಆಯಿತು, ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ನಿಮ್ಮ ಮಾರ್ಗಸೂಚಿ ಓದಿಕೊಂಡು ಕೂತಿದ್ದರೆ ಏನಾಗುತ್ತಿತ್ತು?

ಲ್ಯಾಬ್ ಕಿಟ್ಟಿ:
ಚಿಕ್ಕಪ್ಪ ಚೆನ್ನಾಗಿರಲಿ ಮೇಡಂ. ಆದರೆ 45 ದಾಟಿದವರಿಗೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವ ಎಫ್‌ಐಟಿ ಅನ್ನೋ ಅಗ್ಗದ ಪರೀಕ್ಷೆ ಇದೆ, ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಇದೆ. ಕರುಳಿಗೆ ಮಾಡಿಸಬೇಕಾದದ್ದು ಅದು. ಸುಮ್ನೆ ಹುಡುಕುತ್ತಾ ಹೋದರೆ ಏನಾಗುತ್ತದೆ ಅಂತ ದಕ್ಷಿಣ ಕೊರಿಯಾ ನೋಡಿ. 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಆಸ್ಪತ್ರೆಗಳು ಅದರ ಜೊತೆಗೆ ಥೈರಾಯ್ಡ್ ಸ್ಕ್ಯಾನ್ ಸೇರಿಸಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಎಷ್ಟು ಜನರ ಕುತ್ತಿಗೆ ಸುಮ್ನೆ ಕೊಯ್ದರು, ಎಷ್ಟು ಜನ ಜೀವನಪೂರ್ತಿ ಮಾತ್ರೆ ನುಂಗುತ್ತಿದ್ದಾರೆ ಯೋಚಿಸಿ.

ಸುಖುಮ್ವಿತ್ ಸುಮಾ:
ಥೈರಾಯ್ಡ್ ಸ್ಕ್ಯಾನ್ ಮಾತು ಯಾರು ಎತ್ತಿದರು? ನಾನು ಹೇಳಿದ್ದು ರಕ್ತಪರೀಕ್ಷೆ. ಉತ್ತರ ಇಲ್ಲ ಅಂದರೆ ಕೊರಿಯಾಗೆ ಹೋಗಿಬಿಡೋದಾ?

ಹಾಸನದ ಹರೀಶ:
ರಕ್ತಪರೀಕ್ಷೆ ಅಲ್ವಾ, ಕೇಳಿ. ಇಂಥದೇ ಪ್ಯಾಕೇಜ್‌ನಲ್ಲಿ ನನ್ನ ಹೆಂಡತಿಗೆ ಸಿಎ 19-9 ಅನ್ನೋದು 41 ಬಂತು. ಮಿತಿ 37. ಪಕ್ಕದಲ್ಲಿ ಕೆಂಪಕ್ಷರದಲ್ಲಿ ಒಂದು 'ಎಚ್', ಅಂದರೆ ಹೈ. ಆಸ್ಪತ್ರೆ ಹೆಸರು ಬೇಡ. ಡಾಕ್ಟರ್ ಸ್ಕ್ರೀನ್ ತಿರುಗಿಸಿ ಆ ಸಾಲು ತೋರಿಸಿದ್ದೇ ತಡ, ಇವಳ ಮುಖ ಬಿಳಿಚಿಕೊಂಡಿತು. ಆಮೇಲೆ ಸಿಟಿ ಸ್ಕ್ಯಾನ್, ಎಂಆರ್‌ಐ, ವಿಮಾನ ಟಿಕೆಟ್ ಬದಲಾವಣೆ, ಹೋಟೆಲ್, ನಿದ್ದೆಯಿಲ್ಲದ ರಾತ್ರಿಗಳು. ಕೊನೆಗೆ ಏನೂ ಇಲ್ಲ. ಪ್ಯಾಕೇಜ್‌ಗಿಂತ ಜಾಸ್ತಿ ದುಡ್ಡು ಆ 'ಏನೂ ಇಲ್ಲ' ಅನ್ನೋದಕ್ಕೆ ಹೋಯಿತು.

ಸುಖುಮ್ವಿತ್ ಸುಮಾ:
ಏನೂ ಇಲ್ಲ ಅಂತ ಗೊತ್ತಾಯಿತಲ್ಲ. ಅದಕ್ಕೆ ತಾನೇ ಚೆಕಪ್ ಮಾಡಿಸೋದು?

ಹಾಸನದ ಹರೀಶ:
ಆ ರಾತ್ರಿಗಳನ್ನು ನೀವು ನಮ್ಮ ಮನೆಯಲ್ಲಿದ್ದು ನೋಡಿದ್ದರೆ ಈ ಮಾತು ಬರುತ್ತಿರಲಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳಲ್ಲ.

ಬೆಂಗಳೂರು ಬಸು:
ಇಷ್ಟೆಲ್ಲಾ ಯಾಕೆ ಗುರು, ರಜೆಗೆ ಬೆಂಗಳೂರಿಗೆ ಬಂದಾಗ ಮಾಡಿಸಿ. ಕನ್ನಡದಲ್ಲೇ ಮಾತಾಡಬಹುದು. 80ಡಿ ಅಂತ ಹೆಸರಾದ ಆದಾಯ ತೆರಿಗೆ ಕಲಮಿನಲ್ಲಿ ಚೆಕಪ್‌ಗೆ 5,000 ರೂಪಾಯಿವರೆಗೆ ಟ್ಯಾಕ್ಸ್ ವಿನಾಯಿತಿಯೂ ಇದೆ.

ಪೆನಾಂಗ್ ರಾಯರು:
ಅವರು ದುಡಿಯೋದು ಸಿಂಗಪುರದಲ್ಲಿ ಸ್ವಾಮಿ. ಭಾರತದಲ್ಲಿ ಆದಾಯ ಇರಬೇಕು, ಅದೂ ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟಬೇಕು, ಆಗ ಮಾತ್ರ ನಿಮ್ಮ 80ಡಿ.

ಬೆಂಗಳೂರು ಬಸು:
ನಿಮಗೆ ಪೆನಾಂಗ್ ಬಿಟ್ಟು ಬೇರೆ ಊರೇ ಇಲ್ಲ ಅನಿಸುತ್ತದೆ. "ಪೈಪೋಟಿ ಜೋರು" ಅಂದಿರಲ್ಲ, ಗ್ಲೆನ್‌ಈಗಲ್ಸ್ ಯಾರದು? ಐಎಚ್‌ಎಚ್ ಕಂಪನಿಯದು. 2024ರಲ್ಲಿ ಐಲ್ಯಾಂಡ್ ಹಾಸ್ಪಿಟಲನ್ನೂ ಅದೇ ಕಂಪನಿ ಕೊಂಡುಕೊಂಡಿತು. ಸಿಂಗಪುರದ ಮೌಂಟ್ ಎಲಿಜಬೆತ್ ಕೂಡ ಅವರದೇ. ಒಬ್ಬನೇ ಯಜಮಾನ ಇರುವ ಅಂಗಡಿಗಳ ಮಧ್ಯೆ ಎಂಥ ಪೈಪೋಟಿ? ನಿಮ್ಮ ಫೀಸಿನ ಮಿತಿಯೂ ಡಾಕ್ಟರ್ ಸಂಭಾವನೆಗೆ ಮಾತ್ರ, ಲ್ಯಾಬು, ಸ್ಕ್ಯಾನು, ಮಾತ್ರೆ ಬಿಲ್ಲಿಗೆ ಅಲ್ಲ.

ಪೆನಾಂಗ್ ರಾಯರು:
ಲಾಮ್ ವಾ ಈ, ಅಡ್ವೆಂಟಿಸ್ಟ್ ಆ ಕಂಪನಿಯವಲ್ಲ. ನಾನು ಮೊದಲೇ ಲಾಮ್ ವಾ ಈ ಹೆಸರು ಹೇಳಿದ್ದೆ, ಪೂರ್ತಿ ಓದಿ ಆಮೇಲೆ ಮಾತಾಡಿ.

ತುಂಗಾತೀರ:
ದಯವಿಟ್ಟು ಯಾರಾದರೂ ಯಾವ ಟೆಸ್ಟ್ ಬೇಕು, ಯಾವುದು ಬೇಡ ಅಂತ ಹೇಳುತ್ತೀರಾ? ಎರಡೂ ಕಡೆಯ ಪ್ಯಾಕೇಜ್ ಪಟ್ಟಿ ನೋಡಿ ತಲೆ ಕೆಟ್ಟಿದೆ.

ಲ್ಯಾಬ್ ಕಿಟ್ಟಿ:
ಇಬ್ಬರಿಗೂ ಬಿಪಿ, ತೂಕ, ಸೊಂಟದ ಸುತ್ತಳತೆ, ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್), ಕೊಲೆಸ್ಟರಾಲ್, ಕಿಡ್ನಿ, ಲಿವರ್, ಮೂತ್ರ. ಎಚ್‌ಬಿಎ1ಸಿ ಶೇ. 5.7 ಮುಟ್ಟಿದರೇ ಎಚ್ಚರ, 6.5 ಅಥವಾ ಜಾಸ್ತಿ ಅಂದರೆ ಶುಗರ್. ಹೃದ್ರೋಗದ ಆನುವಂಶಿಕ ಅಪಾಯ ತೋರಿಸುವ ಲಿಪೊಪ್ರೋಟೀನ್ ಎ ಜೀವನದಲ್ಲಿ ಒಂದು ಸಲ ಸಾಕು. ನಿಮಗೆ ಎಫ್‌ಐಟಿ. ಹೆಂಡತಿಗೆ ಗರ್ಭಕೊರಳಿನ ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆ, ಸ್ತನದ ಎಕ್ಸ್-ರೇ ಆದ ಮ್ಯಾಮೊಗ್ರಾಮ್. ಪೆಟ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ ಕೈಬಿಡಿ. ಇನ್ನೊಂದು ಮಾತು, ಹಲವು ಅಧ್ಯಯನ ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆಯಲ್ಲಿ 15 ಪ್ರಯೋಗ, ಎರಡೂವರೆ ಲಕ್ಷ ಜನರ ಲೆಕ್ಕ ಹಾಕಿ ನೋಡಿದಾಗ ಇಂಥ ಸಾಮಾನ್ಯ ಚೆಕಪ್‌ನಿಂದ ಸಾವು ಕಡಿಮೆಯಾಗಲಿಲ್ಲ. ಆದ್ದರಿಂದ ಪಟ್ಟಿ ಚಿಕ್ಕದಿರಲಿ.

ಸುಖುಮ್ವಿತ್ ಸುಮಾ:
"ಸಾವು ಕಡಿಮೆಯಾಗಲಿಲ್ಲ"! ಹಾಗಾದರೆ ನೀವೇ ಕೊಟ್ಟ ಆ ಪಟ್ಟಿ ಯಾಕೆ? ಆ ಪ್ರಯೋಗಗಳಲ್ಲಿ ಬಹುಪಾಲು ಹಳೇ ಕಾಲದವು, ಯುರೋಪು ಅಮೆರಿಕದವರ ಮೇಲೆ ಮಾಡಿದವು. ನಮ್ಮ ಮೈಯೇ ಬೇರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಬಿಎಂಐ 23 ದಾಟಿದರೇ ನಮಗೆ ಶುಗರ್ ಅಪಾಯ. ಇವರ ತಂದೆಗೆ ಐವತ್ತರೊಳಗೇ ಬಂದಿದೆ ಅಂತ ಬರೆದಿದ್ದಾರೆ, ಅದನ್ನು ಓದಿದಿರಾ?

ಲ್ಯಾಬ್ ಕಿಟ್ಟಿ:
ಓದಿಯೇ ಎಚ್‌ಬಿಎ1ಸಿ ಬರೆದದ್ದು. ನಿಮ್ಮ ಸಿಎ 125ರಿಂದ ಶುಗರ್ ಗೊತ್ತಾಗುತ್ತದಾ, ಅದನ್ನು ಹೇಳಿ ಮೊದಲು.

ಸುಖುಮ್ವಿತ್ ಸುಮಾ:
ನಿಮ್ಮ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ. ತುಂಗಾತೀರ ಅವರೇ, ನಿಮ್ಮ ಹೆಂಡತಿ ಕಡೆಯವರಲ್ಲಿ ಅಂಡಾಶಯ ಅಥವಾ ಸ್ತನದ ಕ್ಯಾನ್ಸರ್ ಯಾರಿಗಾದರೂ ಇತ್ತಾ ಕೇಳಿ. ಇದ್ದರೆ ಈ ಚಿಕ್ಕ ಪಟ್ಟಿ ನಂಬಿ ಕೂರಬೇಡಿ.

ತುಂಗಾತೀರ:
ಅವಳ ಅಮ್ಮನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಇತ್ತು.

ಲ್ಯಾಬ್ ಕಿಟ್ಟಿ:
ಹಾಗಿದ್ದರೆ ಪ್ಯಾಕೇಜ್ ಬುಕ್ ಮಾಡುವ ಮೊದಲು ಸಿಂಗಪುರದಲ್ಲೇ ಒಬ್ಬ ಜಿಪಿ (ಸಾಮಾನ್ಯ ವೈದ್ಯ) ಹತ್ತಿರ ಇದನ್ನು ಹೇಳಿ. ದೊಡ್ಡಮ್ಮನಿಗೆ ಯಾವ ವಯಸ್ಸಿನಲ್ಲಿ ಬಂತು, ಮನೆಯಲ್ಲಿ ಇನ್ಯಾರಿಗಿತ್ತು ಅಂತ ಕೇಳಿಕೊಂಡೇ ಹೋಗಿ. ಹಳೇ ಮ್ಯಾಮೊಗ್ರಾಮ್ ಇದ್ದರೆ ರಿಪೋರ್ಟ್ ಮಾತ್ರ ಸಾಲದು, ಸಿಡಿಯನ್ನೂ ಒಯ್ಯಿರಿ, ಹೊಸದರ ಪಕ್ಕ ಇಟ್ಟು ನೋಡಬೇಕಾಗುತ್ತದೆ. ಆದರೂ ಸಿಎ 125 ಬೇಡ.

ಪೆನಾಂಗ್ ರಾಯರು:
ಲಾಮ್ ವಾ ಈ, ಅಡ್ವೆಂಟಿಸ್ಟ್ ಎರಡಕ್ಕೂ ಕಿಟ್ಟಿಯವರ ಪಟ್ಟಿಯನ್ನೇ ಇಮೇಲ್ ಮಾಡಿ, ಒಂದೊಂದು ಟೆಸ್ಟಿಗೂ ಬೇರೆ ಬೇರೆ ರೇಟು ಕೇಳಿ. ಏನಾದರೂ ಸಿಕ್ಕಿದರೆ ಮುಂದಿನ ಸ್ಕ್ಯಾನ್‌ಗೆ ಎಷ್ಟು, ಡಾಕ್ಟರ್ ಮರುಭೇಟಿಗೆ ಎಷ್ಟು ಅಂತಲೂ ಬರೆಸಿಕೊಳ್ಳಿ. ವಾರದ ನಡುವೆ ಬನ್ನಿ, ಮರುದಿನ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ಸುಖುಮ್ವಿತ್ ಸುಮಾ:
ಅದೇ ಇಮೇಲ್ ಪ್ರರಾಮ್ 9ಗೂ ಕಳಿಸಿ. ರೇಟು ಎರಡನ್ನೂ ಇಲ್ಲೇ ಹಾಕಿ, ಯಾರು ಸರಿ ಅಂತ ಆಗ ನೋಡೋಣ.