ಗ್ರಾಂಟ್ ಮುಗೀತು ಅಂತ ಎರಡು ಭಾಷೇಲಿ ನಡೆಯೋ ಕ್ಲಾಸು ನಿಲ್ಲಿಸ್ತಾರಂತೆ, ಈ ದುಡ್ಡು ಬರೋದಾದ್ರೂ ಎಲ್ಲಿಂದ?

ಎರಡನೇಬೆಂಚು:
ಅಮೆರಿಕಾದ ಸ್ಕೂಲ್ ವ್ಯವಸ್ಥೆ ಗೊತ್ತಿರೋರು ಸ್ವಲ್ಪ ಹೇಳಿ. ಮಗಳು ಇಲ್ಲಿ ಪಬ್ಲಿಕ್ ಸ್ಕೂಲಲ್ಲಿ ಎರಡನೇ ಕ್ಲಾಸು, ಅರ್ಧ ದಿನ ಇಂಗ್ಲಿಷು, ಅರ್ಧ ದಿನ ಸ್ಪ್ಯಾನಿಷು. ಹೋದ ವಾರ ಮೀಟಿಂಗಲ್ಲಿ ಗ್ರಾಂಟ್ ಮುಗೀತು, ಮುಂದಿನ ವರ್ಷ ಹೊಸ ಬ್ಯಾಚ್ ಡೌಟು ಅಂದ್ಬಿಟ್ರು. ಕಾನೂನೇ ಇದೆ, ವಾಷಿಂಗ್ಟನ್‌ನಿಂದ ವರ್ಷಾವರ್ಷ ದುಡ್ಡು ಬರುತ್ತೆ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಕೂತೋರು ಬೇರೆ "ನಮ್ಮ ಟ್ಯಾಕ್ಸಲ್ಲಿ ಯಾರದೋ ಭಾಷೆ ಯಾಕೆ ಕಲಿಸ್ಬೇಕು" ಅಂತ ಗೊಣಗಿದ್ರು, ನಂಗೆ ಬಾಯೇ ಬರ್ಲಿಲ್ಲ.

ಹಳೇಫೈಲು:
ಸರ್, ಇಲ್ಲಿ ಎರಡು ಬೇರೆಬೇರೆ ದುಡ್ಡಿನ ಗಂಟು ಇದೆ, ಎಲ್ಲರೂ ಕಲಸಿಬಿಡ್ತಾರೆ. ಒಂದು, ಇಂಗ್ಲಿಷ್ ಮಕ್ಕಳಿಗೆ ವಿದೇಶಿ ಭಾಷೆ ಕಲಿಸೋಕೆ. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಹಾರಿಸಿದ್ರು, ಮಾರನೇ ವರ್ಷವೇ ಇವರು ಡಿಫೆನ್ಸ್ ಹೆಸರಲ್ಲಿ ಶಿಕ್ಷಣದ ಕಾನೂನು ತಂದು ಗಣಿತ ವಿಜ್ಞಾನದ ಜೊತೆ ಭಾಷೆಗೂ ದುಡ್ಡು ಸುರಿದ್ರು. ಹೆದರಿಕೆ ದುಡ್ಡು ಅದು, ಹೆದರಿಕೆ ಇಳಿದ್ರೆ ಅದೂ ಇಳಿಯುತ್ತೆ. ಆಮೇಲೆ ಶಾಲೆಗಳಿಗೆ ಅಂತಲೇ ಇದ್ದ ವಿದೇಶಿ ಭಾಷಾ ಅನುದಾನಕ್ಕೆ 2012ರ ಬಜೆಟ್‌ನಲ್ಲಿ ಸೊನ್ನೆ. ಇನ್ನೊಂದು ಗಂಟು ಇಂಗ್ಲಿಷ್ ಬರದ ಮಕ್ಕಳಿಗೆ, 1968ರ ಕಾಯ್ದೆಯಿಂದ ಶುರುವಾಗಿದ್ದು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕೇಸಲ್ಲಿ ಸುಪ್ರೀಂ ಕೋರ್ಟು, ಎಲ್ಲರಿಗೂ ಅದೇ ಪುಸ್ತಕ ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ, ಪಾಠ ಮಗುಗೆ ಅರ್ಥ ಆಗ್ಬೇಕು ಅಂತು. ಆದ್ರೆ ಅವರ ಭಾಷೇಲೇ ಕಲಿಸಿ ಅಂತ ಹೇಳ್ಲಿಲ್ಲ ನೋಡಿ. ನಿಮ್ಮ ಕ್ಲಾಸು ಈ ಸಂದಿಯಲ್ಲೇ ಸಿಕ್ಕಾಕೊಂಡಿರೋದು.

ಕೂಡುಕಳೆ:
ಲೆಕ್ಕ ಹಾಕಿ ನೋಡಿ. ಆ ಎರಡನೇ ಗಂಟಿನ ಈಗಿನ ಹೆಸರು ಟೈಟಲ್ ತ್ರೀ. 2023ರಲ್ಲಿ ಸುಮಾರು 89 ಕೋಟಿ ಡಾಲರ್, ಇಂಗ್ಲಿಷ್ ಕಲಿಯೋ ಮಕ್ಕಳು ಸುಮಾರು 53 ಲಕ್ಷ, ಅಂದ್ರೆ ತಲೆಗೆ ವರ್ಷಕ್ಕೆ 170 ಡಾಲರ್ ಹತ್ರಹತ್ರ. ಒಂದು ಮಗುನ ಪಬ್ಲಿಕ್ ಸ್ಕೂಲಲ್ಲಿ ಓದಿಸೋಕೆ ಸರಾಸರಿ 15 ಸಾವಿರದ ಮೇಲೆ ಆಗುತ್ತೆ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಅದೂ ಇರೋ ಖರ್ಚಿನ ಮೇಲೆ ಹೆಚ್ಚುವರಿಗೆ ಮಾತ್ರ ಬಳಸ್ಬೇಕು ಅನ್ನೋ ರೂಲ್ ಬೇರೆ. ಉಳಿದಿದ್ದು ಬಹುಪಾಲು ರಾಜ್ಯದ್ದು, ಅಲ್ಲಿನ ಸ್ಕೂಲ್ ಡಿಸ್ಟ್ರಿಕ್ಟಿನದ್ದು. ಇನ್ನೊಂದು ಮಾತು, 25 ಮಕ್ಕಳಿದ್ರೆ ಯಾವ ಭಾಷೇಲಿ ಪಾಠ ಆದ್ರೂ ಒಬ್ರು ಟೀಚರ್ ಬೇಕೇಬೇಕು ತಾನೆ? ಹೆಚ್ಚಿಗೆ ಬೀಳೋದು ಪುಸ್ತಕ, ಟ್ರೈನಿಂಗು, ಎರಡೂ ಭಾಷೆ ಬರೋ ಜನ ಹುಡುಕೋದು. ಮೀಟಿಂಗಲ್ಲಿ ಒಂದೇ ಒಂದು ಕೇಳಿ, ಆ ಗ್ರಾಂಟ್ ಯಾವ ಬಾಬ್ತಿಗೆ ಖರ್ಚಾಯ್ತು ಅಂತ. ಮೂರು ವರ್ಷದ ಗ್ರಾಂಟಲ್ಲಿ ಸಂಬಳ ಕೊಟ್ಕೊಂಡು ಕೂತಿದ್ರೆ ನಾಲ್ಕನೇ ವರ್ಷ ಹೀಗೇ ಆಗೋದು.

ಸೀಮೆಸುಣ್ಣ:
ಮೇಲಿನವರು ಪುಸ್ತಕ ಅಂತ ಒಂದೇ ಪದದಲ್ಲಿ ಮುಗಿಸಿದ್ರು, ನಾನು ಅಂಥ ಕ್ಲಾಸಲ್ಲೇ ಪಾಠ ಮಾಡೋಳು. ಒಂದು ವರ್ಷ ಸ್ಪ್ಯಾನಿಷ್ ವರ್ಕ್‌ಬುಕ್‌ಗೆ ದುಡ್ಡಿಲ್ಲ ಅಂದ್ರು, ರಾತ್ರಿ ಕೂತು ಇಂಗ್ಲಿಷ್ ಶೀಟನ್ನ ಆನ್‌ಲೈನ್‌ನಲ್ಲಿ ಅನುವಾದ ಮಾಡಿ ಪ್ರಿಂಟ್ ತೆಗೆದೆ. ಲೆಕ್ಕದಲ್ಲಿ "ಟೇಬಲ್ ನೋಡಿ ಉತ್ತರಿಸಿ" ಅಂತಿತ್ತು, ಅದು ಅಂಕಿಅಂಶದ ಟೇಬಲ್, ಸ್ಪ್ಯಾನಿಷಲ್ಲಿ ತಾಬ್ಲಾ, ಮೆಷಿನ್ನು ಮೇಸಾ ಅಂತ ಹಾಕಿತ್ತು, ಅಂದ್ರೆ ನಮ್ಮ ಮೇಜು. ಒಬ್ಬ ಹುಡುಗ ಎದ್ದು ಡೆಸ್ಕ್ ಕೆಳಗೆಲ್ಲ ಬಗ್ಗಿ ನೋಡಿ, ಟೀಚರ್ ಇಲ್ಲೇನೂ ಬರೆದಿಲ್ಲ ಅಂದ. ನಕ್ಕೆ, ಆಮೇಲೆ ಸಿಟ್ಟು ಬಂತು.

ಒಪ್ಪಲ್ಲಬಿಡಿ:
ದುಡ್ಡು ಕೊಡ್ಬೇಡಿ ಅಂತಿಲ್ಲ, ಆದ್ರೆ ಸೀಟು ಯಾರಿಗೆ ಸಿಗ್ತಿದೆ ಅನ್ನೋದನ್ನೂ ನೋಡಿ. ಕೆನಡಾದಲ್ಲಿ 1965ರಲ್ಲಿ ಸೇಂಟ್ ಲ್ಯಾಂಬರ್ಟ್ ಅನ್ನೋ ಊರಿನ ಇಂಗ್ಲಿಷ್ ತಂದೆತಾಯಿ ಹಠ ಹಿಡಿದು ಫ್ರೆಂಚ್ ಇಮ್ಮರ್ಷನ್, ಅಂದ್ರೆ ಪಾಠಗಳನ್ನೇ ಫ್ರೆಂಚಲ್ಲಿ ಮಾಡೋ ಕ್ಲಾಸು, ಶುರು ಮಾಡಿಸಿದ್ರು, ಮುಂದೆ ಫೆಡರಲ್ ದುಡ್ಡೂ ಬಂತು, ಆದ್ರೆ ಅನುಕೂಲಸ್ಥರ ಮಕ್ಕಳೇ ಅದರಲ್ಲಿ ತುಂಬ್ಕೊಂಡು ಕಷ್ಟಪಡೋ ಮಕ್ಕಳು ಮಾಮೂಲಿ ಕ್ಲಾಸಲ್ಲಿ ಉಳೀತಾರೆ ಅನ್ನೋ ದೂರು ಇವತ್ತಿಗೂ ಇದೆ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ವೋಟ್ ಹಾಕಿ ದ್ವಿಭಾಷಾ ಪಾಠಕ್ಕೆ ಹೆಚ್ಚುಕಮ್ಮಿ ಬಾಗಿಲು ಹಾಕಿದ್ರು, 2016ರಲ್ಲಿ ಮತ್ತೆ ವೋಟ್ ಹಾಕಿ ತೆಗೆದ್ರು. ನಿಮ್ಮ ಸ್ಕೂಲಲ್ಲಿ ಮನೇಲಿ ಸ್ಪ್ಯಾನಿಷ್ ಮಾತಾಡೋ ಮಕ್ಕಳು ಎಷ್ಟು ಜನ? ಅವರಿಗೆ ಸಿಕ್ತಿಲ್ಲ ಅಂದ್ರೆ ಗೊಣಗಿದೋರದ್ದು ಪೂರ್ತಿ ತಪ್ಪು ಅನ್ನೋಕೆ ನಂಗಂತೂ ಆಗಲ್ಲ.

ಎರಡನೇಬೆಂಚು:
ಮಗಳ ಕ್ಲಾಸಲ್ಲಿ ಅರ್ಧದಷ್ಟು ಮನೆಗಳು ಸ್ಪ್ಯಾನಿಷೇ, ಆ ತಂದೆತಾಯಿ ಯಾರೂ ಮೀಟಿಂಗಿಗೆ ಬಂದಿರ್ಲಿಲ್ಲ ಅನ್ನೋದು ಈಗ ಹೊಳೀತಿದೆ. ನೋಟಿಸ್ ಇಂಗ್ಲಿಷಲ್ಲಿ ಮಾತ್ರ ಇತ್ತು. ಮುಂದಿನ ಸಲ ಇಬ್ಬರನ್ನಾದ್ರೂ ಕರ್ಕೊಂಡು ಹೋಗ್ತೀನಿ, ಬಾಬ್ತು ಯಾವ್ದು ಅಂತಲೂ ಕೇಳ್ತೀನಿ. ಮೇಡಂ, ನಿಮ್ಮ ಲೆಕ್ಕದ ಶೀಟಿನ ಕಥೆ ಹೇಳಿ ಮಗಳನ್ನ ಟೆಸ್ಟ್ ಮಾಡಿದೆ. ತಾಬ್ಲಾ ಅಂತ ಥಟ್ಟನೆ ಅಂದ್ಲು, ಮೇಸಾ ಊಟದ್ದಂತೆ.