ತಮ್ಮನಿಗೆ ಸ್ಕಿಜೋಫ್ರೀನಿಯಾ, ಕೆಲಸಕ್ಕೆ ಹೋಗ್ತೀನಿ ಅಂತಿದ್ದಾನೆ. ಮಾಲೀಕರಿಗೆ ಹೇಳಬೇಕಾ?

ದಾವಣಗೆರೆ ಅಕ್ಕ:
ತಮ್ಮ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಮಾತ್ರೆ ತಪ್ಪಿಸುವುದಿಲ್ಲ, ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುವುದೂ ಕಡಿಮೆಯಾಗಿದೆ. ಅಪ್ಪ ಮಾತ್ರ "ಪೂರ್ತಿ ವಾಸಿಯಾಗಲಿ, ಆಮೇಲೆ ನೋಡೋಣ" ಅಂತಾರೆ. ಹಿಂದೆ ಒಂದು ವರ್ಕ್‌ಶಾಪ್‌ಗೆ ಸೇರಿದ್ದ. ಮಾತ್ರೆಯ ಮಂಪರಿಗೆ ಬೆಳಗ್ಗೆ ಏಳೋಕೆ ಆಗ್ತಿರಲಿಲ್ಲ, ಸೋಮಾರಿ ಅಂತ ಬಿಡಿಸಿದರು. ಈ ಸಲ ಕಾಯಿಲೆ ವಿಷಯ ಹೇಳೋದಾ, ಮುಚ್ಚಿಡೋದಾ?

ಆಸ್ಪತ್ರೆ ಕಡೆಯವನು:
ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತ ನಾನು. ಪೂರ್ತಿ ವಾಸಿಯಾಗಲಿ ಅಂತ ಕಾದರೆ ವರ್ಷಗಳೇ ಹೋಗುತ್ತವೆ. ಮೊದಲೆಲ್ಲ ಮೇಣದಬತ್ತಿ, ಕಾಗದದ ಕವರ್ ಮಾಡೋದು ಕಲಿಸಿ ಆಮೇಲೆ ಕೆಲಸ ಅಂತಿದ್ದರು, ಆ ಕಲಿಕೆ ಮುಗಿಯುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಐಪಿಎಸ್ (ಇಂಡಿವಿಜುಯಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಅನ್ನೋ ಪದ್ಧತಿ ಬಂತು: ಅವರಿಗೆ ಇಷ್ಟವಾದ ಕೆಲಸಕ್ಕೆ ನೇರವಾಗಿ ಸೇರಿಸಿ, ಸೇರಿದ ಮೇಲೆ ಬೆನ್ನಿಗೆ ನಿಲ್ಲೋದು. ಹಳೇ ಕ್ರಮಕ್ಕಿಂತ ಜಾಸ್ತಿ ಜನ ಹೀಗೆ ಕೆಲಸ ಹಿಡಿದಿದ್ದಾರೆ.

ಕಾಯಿಲೆ ಹೆಸರು ಹೇಳಲೇಬೇಕು ಅಂತಿಲ್ಲ, ಅದು ತಮ್ಮನ ಇಷ್ಟ. ಏನು ಬೇಕೋ ಅದನ್ನು ಹೇಳಿ: ಹತ್ತಕ್ಕೆ ಬರ್ತಾನೆ, ನೈಟ್ ಶಿಫ್ಟ್ ಬೇಡ, ಆಸ್ಪತ್ರೆ ದಿನ ರಜೆ. ಮಂಪರಿನ ವಿಷಯ ಡಾಕ್ಟರಿಗೆ ಹೇಳಿ. ನೀವಾಗಿಯೇ ಮಾತ್ರೆ ಕಮ್ಮಿ ಮಾಡಬೇಡಿ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ 40% ಅಥವಾ ಜಾಸ್ತಿ ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಇದ್ದರೆ ಮಾನಸಿಕ ಕಾಯಿಲೆ ಇರೋರಿಗೂ ಸರ್ಕಾರಿ ಕೆಲಸದಲ್ಲಿ 1% ಮೀಸಲಾತಿ ಇದೆ. ಆದರೆ ಆ 1% ಅನ್ನು ಆಟಿಸಂ, ಬುದ್ಧಿಮಾಂದ್ಯ, ಕಲಿಕೆಯ ತೊಂದರೆ ಇರೋರ ಜೊತೆಗೆಲ್ಲ ಹಂಚಿಕೊಳ್ಳಬೇಕು. ಅದನ್ನೇ ನಂಬಿ ಕೂರಬೇಡಿ.

ಲಿಥಿಯಂ ಗಿರಾಕಿ:
ನನಗೆ ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಉಬ್ಬಿ, ಒಮ್ಮೆ ತೀರಾ ಕುಗ್ಗೋ ಕಾಯಿಲೆ), ಸರ್ಕಾರಿ ನೌಕರಿ. ಕೆಲಸಕ್ಕಿಂತ ಚಹಾ ಹೊತ್ತೇ ಕಷ್ಟ. ಅದಕ್ಕೆ ತಗೊಳ್ಳೋ ಲಿಥಿಯಂ ಮಾತ್ರೆಗೆ ಕೈ ನಡುಗುತ್ತೆ, ಕಪ್ಪು ಅರ್ಧ ಮಾತ್ರ ತುಂಬಿಸಿಕೊಳ್ತೀನಿ. ಆದರೂ "ಕುಡಿದು ಬಂದಿದ್ದಾನಾ" ಅಂತ ಗುಸುಗುಸು. ಕಾಯಿಲೆ ಗೊತ್ತಾದಾಗ ರಾಜೀನಾಮೆ ಬರೆದುಕೊಡಿ ಅಂತಲೂ ಅಂದಿದ್ದರು. ಅದೇ ಕಾಯ್ದೆಯ 20ನೇ ಸೆಕ್ಷನ್ ತೋರಿಸಿದೆ. ಸರ್ಕಾರಿ ಸೇವೆಯಲ್ಲಿದ್ದಾಗ ವೈಕಲ್ಯ ಬಂದರೆ ತೆಗೆಯುವ ಹಾಗಿಲ್ಲ, ಈ ಹುದ್ದೆ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಹೆದರಿ ಸಹಿ ಹಾಕೋರು ಎಷ್ಟು ಜನವೋ!

ಪ್ರೆಸ್ ಮಾಲೀಕ:
ನಮ್ಮ ಬೈಂಡಿಂಗ್ ಸೆಕ್ಷನ್‌ನಲ್ಲಿ ಇಂಥವರೊಬ್ಬರಿದ್ದಾರೆ. ಒಂದೇ ಸಲ ನಾಲ್ಕು ಕೆಲಸ ಹೇಳಿದರೆ ಗಲಿಬಿಲಿ, ಚೀಟಿಯಲ್ಲಿ ಒಂದೊಂದಾಗಿ ಬರೆದುಕೊಟ್ಟರೆ ಸಲೀಸು. ನಿದ್ದೆ ಕೆಟ್ಟಂತೆ ಕಂಡರೆ ಅವರ ಅಣ್ಣನಿಗೆ ಫೋನ್ ಮಾಡ್ತೀನಿ, ಅದಕ್ಕೆ ಅವರೇ ಒಪ್ಪಿದ್ದಾರೆ. ಸಂಬಳ ಉಳಿದವರಷ್ಟೇ. "ಪಾಪ, ಸುಮ್ನೆ ಬಂದು ಕೂತಿರಲಿ" ಅನ್ನೋ ಮಾಲೀಕರ ಹತ್ತಿರ ಮಾತ್ರ ಕಳಿಸಬೇಡಿ.

ದಾವಣಗೆರೆ ಅಕ್ಕ:
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳ್ತೀನಿ. ಒಂದೇ ಭಯ, ಮಂಪರಿನಲ್ಲಿ ಮೆಷಿನ್ ಹತ್ತಿರ ನಿಲ್ಲಿಸೋದು ಸರೀನಾ?

ಆಸ್ಪತ್ರೆ ಕಡೆಯವನು:
ಮಂಪರು ಇಳಿಯುವವರೆಗೆ ಗ್ರೈಂಡರ್, ಲೇತ್ ಬೇಡ. ಅದೇ ವರ್ಕ್‌ಶಾಪ್‌ಗಳಲ್ಲಿ ಸ್ಟೋರ್ ಕೆಲಸ ಇರುತ್ತಲ್ಲ, ಟೂಲ್ಸ್ ಕೊಟ್ಟು ವಾಪಸ್ ಬರೆದುಕೊಳ್ಳೋದು. ಫಿಟ್ಟರ್‌ಗೆ ಪ್ರತಿಯೊಂದರ ಹೆಸರೂ ಗೊತ್ತಿರುತ್ತೆ. ಆದರೆ ಮೊದಲು ಅವನನ್ನೇ ಕೇಳಿ, ಅವನಿಗೆ ಬೇರೇನೋ ಮನಸ್ಸಿರಬಹುದು.