ಮೊದಲ ಅಡಿಕೆ ಗೊನೆ ಕೈಗೆ ಬರುವವರೆಗಿನ ಖರ್ಚಿಗೆ ಚಿನ್ನ ಅಡವಿಡಬಹುದೇ?

ಪ್ರಶ್ನೆ (ಕಾಸರಗೋಡಿನ ಪೆರ್ಲದಿಂದ):
ನಮ್ಮ ಮನೆಯ ಹಿಂದಿನ ಇಳಿಜಾರಿನಲ್ಲಿ ಒಂದೂವರೆ ಎಕರೆ ಹಳೆಯ ಗೇರುತೋಟವಿದ್ದು, ಅದನ್ನು ತೆಗೆದು ಮಂಗಳ ತಳಿಯ ಅಡಿಕೆ ಇಡಬೇಕೆಂದಿದ್ದೇನೆ. ನೆಲ ಮಟ್ಟ ಮಾಡುವುದಕ್ಕೆ, ಮುರಕಲ್ಲಿನಲ್ಲಿ (ಗಟ್ಟಿ ಜಂಬಿಟ್ಟಿಗೆ ನೆಲದಲ್ಲಿ) ಗುಂಡಿ ತೋಡುವುದಕ್ಕೆ, ಕೊಳವೆಬಾವಿಗೆ, ಪೈಪಿಗೆ ಎಲ್ಲದಕ್ಕೂ ಮೊದಲೇ ಹಣ ಬೇಕು. ಫಸಲು ಕಾಣಲು ನಾಲ್ಕೈದು ವರ್ಷವಾದರೂ ಕಾಯಬೇಕು. ಅಮ್ಮ ತಮ್ಮ ಚಿನ್ನದ ಅವಲಕ್ಕಿ ಸರವನ್ನು ಅಡವಿಡಲು ಒಪ್ಪಿದ್ದಾರೆ. ದೊಡ್ಡಪ್ಪ ಮಾತ್ರ, ತೋಟದಿಂದ ಬಂದ ಹಣದಲ್ಲೇ ತೋಟ ಬೆಳೆಸಬೇಕು ಎನ್ನುತ್ತಾರೆ. ದಯವಿಟ್ಟು ಅನುಭವಸ್ಥರು ತಿಳಿಸಬೇಕು.

ಉತ್ತರ (ಬದಿಯಡ್ಕದಿಂದ):
ತೋಟವೇ ಇಲ್ಲದಿರುವಾಗ ತೋಟದ ಹಣ ಎಲ್ಲಿಂದ ಬರಬೇಕು? ಅಡಿಕೆಗೆ ಮೊದಲು ಹಾಕದೆ ಗತಿಯಿಲ್ಲ. ಆದರೆ ಯಾವ ಹಣವನ್ನು ಹಾಕುತ್ತೀರಿ ಎಂಬುದನ್ನು ನೋಡಿಕೊಳ್ಳಿ. ಹನ್ನೆರಡು ವರ್ಷಗಳ ಹಿಂದೆ ನಾನು ಒಂದು ವರ್ಷದ ಚಿನ್ನದ ಸಾಲದಿಂದಲೇ ಗಿಡ ಇಟ್ಟೆ. ಗಡುವು ಮುಗಿಯುವಾಗ ಗಿಡದಲ್ಲಿ ಸೋಗೆಯಲ್ಲದೆ ಬೇರೇನೂ ಇರಲಿಲ್ಲ; ಬಡ್ಡಿ ಕಟ್ಟಿ ಸಾಲವನ್ನು ಎರಡು ಸಲ ಮುಂದಕ್ಕೆ ಹಾಕಿದೆ, ಮೂರನೆಯ ಬೇಸಗೆಯಲ್ಲಿ ಗೊಬ್ಬರಕ್ಕೆ ಕಾಸಿಲ್ಲದೆ ಗಿಡಗಳು ಹಳದಿಯಾಗಿ ನಿಂತದ್ದನ್ನು ದಿನವೂ ನೋಡಬೇಕಾಯಿತು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲ 3 ಲಕ್ಷದವರೆಗೆ ಶೇಕಡಾ 7ರ ಬಡ್ಡಿಗೆ ಸಿಗುತ್ತದೆ, ಸಕಾಲದಲ್ಲಿ ತೀರಿಸಿದರೆ ಅದು ಶೇಕಡಾ 4ಕ್ಕೆ ಇಳಿಯುತ್ತದೆ, ನಿಜ. ಆದರೆ ಅದು ಫಸಲು ಕೊಡುತ್ತಿರುವ ತೋಟದ ಗೊಬ್ಬರಕ್ಕೂ ಕೊಳೆರೋಗ ತಡೆಯುವ ಬೋರ್ಡೋ ಸಿಂಪಡಣೆಗೂ ಸರಿ. ಹೊಸ ತೋಟಕ್ಕೆ, ಫಸಲು ಬರುವವರೆಗೆ ಅಸಲಿನ ಕಂತು ಕೇಳದ ದೀರ್ಘಾವಧಿ ಕೃಷಿ ಸಾಲವನ್ನೇ ಬ್ಯಾಂಕಿನಲ್ಲಿ ವಿಚಾರಿಸಿ. ಅಮ್ಮನ ಸರ ಪೆಟ್ಟಿಗೆಯಲ್ಲೇ ಇರಲಿ.

ಉತ್ತರ (ಬಾಯಾರಿನಿಂದ):
ಸಾಲಕ್ಕಿಂತ ಮುಂಚೆ ನೀರಿನ ಮಾತಾಡೋಣ. ಗಿಡ ಇಟ್ಟ ಮೇಲೆ ಕೊಳವೆಬಾವಿ ಬತ್ತಿದರೆ ಹಾಕಿದ್ದೆಲ್ಲ ಮಣ್ಣುಪಾಲು. ನಿಮ್ಮ ಗುಡ್ಡದಲ್ಲಿ ಹಿರಿಯರು ನೀರಿಗಾಗಿ ಅಡ್ಡಲಾಗಿ ತೋಡಿದ ಸುರಂಗವಿದ್ದರೆ ಅದರ ಹೂಳು ತೆಗೆಸಿ, ಏಪ್ರಿಲ್ ಕೊನೆಯಲ್ಲಿ ಎಷ್ಟು ನೀರು ಬರುತ್ತದೆಂದು ಅಳೆದು ನೋಡಿ.

ಉತ್ತರ (ಮುಳ್ಳೇರಿಯದಿಂದ):
ಒಂದೂವರೆ ಎಕರೆಯನ್ನು ಒಮ್ಮೆಲೇ ಏಕೆ ಎತ್ತಿಕೊಳ್ಳುತ್ತೀರಿ? 2.7 ಮೀಟರ್ ಅಂತರದಲ್ಲಿ ಅರ್ಧ ಎಕರೆಗೆ ಸುಮಾರು 270 ಗಿಡ ಹಿಡಿಯುತ್ತದೆ. ನಡುವೆ ನೇಂದ್ರ ಬಾಳೆ ಇಟ್ಟರೆ ವರ್ಷದೊಳಗೆ ಗೊನೆ ಕಡಿಯಬಹುದು. ನೈಋತ್ಯದ ಬಿಸಿಲಿಗೆ ಸುಡುವ ಎಳೆ ಅಡಿಕೆಗೆ ಆ ಬಾಳೆಯೇ ನೆರಳು. ಕೊಕ್ಕೋ ಮೂರನೆಯ ವರ್ಷಕ್ಕೆ ಕಾಯಿ ಬಿಡತೊಡಗುತ್ತದೆ. ಉಳಿದ ಎಕರೆಯ ಗೇರು ಅಲ್ಲಿಯವರೆಗೆ ನಿಂತಿರಲಿ, ಅದೂ ಒಂದಿಷ್ಟು ಕೊಡುತ್ತದೆ. ನಿಮ್ಮ ದೊಡ್ಡಪ್ಪ ಹೇಳುವುದು ಎರಡನೆಯ ಅರ್ಧ ಎಕರೆಗೆ ಖಂಡಿತ ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಗೇರಿನ ಬುಡದಲ್ಲಿ ಅಜ್ಜ ತೋಡಿಸಿದ ಸುರಂಗವೊಂದು ಬಾಯಿ ಮುಚ್ಚಿಕೊಂಡಿದೆ. ನಾಳೆ ದೊಡ್ಡಪ್ಪನನ್ನೇ ಕರೆದುಕೊಂಡು ಹೋಗಿ ಅದನ್ನು ಬಿಡಿಸುತ್ತೇನೆ. ಮುಳ್ಳೇರಿಯದವರೇ, ಬಾಳೆ ಕಂದುಗಳನ್ನು ಅಡಿಕೆಗಿಂತ ಎಷ್ಟು ಮುಂಚೆ ಇಟ್ಟಿರಿ?